ಮೈಸೂರಿನ ಸಂಪದಭ್ಯುದಯ ಸಮಾಜ: ಆಡಳಿತದ ಮಾರ್ಪಾಡು ಮತ್ತು ಹೊಸತನ — ಒಂದು ವಿಮರ್ಶೆ

ಸಂಸ್ಥೆಯೊಂದರಲ್ಲಿ ಹೊಸ ಆಲೋಚನೆಗಳು ಹುಟ್ಟಿ ಬೆಳೆಯಬೇಕಾದರೆ ಸಮರ್ಥನಾದ ಮುಖ್ಯಾಧಿಕಾರಿಯೊಬ್ಬನು ಬಂದರೆ ಸಾಕೆ, ಅಥವಾ ಆ ಸಂಸ್ಥೆಯ ರಚನೆಯೂ ನಡವಳಿಕೆಯೂ ಮಾರ್ಪಡಬೇಕೆ? ಈ ಪ್ರಶ್ನೆಯು ವಾಣಿಜ್ಯಶಾಸ್ತ್ರ, ಆಡಳಿತಶಾಸ್ತ್ರಗಳಿಗೆ ಸೇರಿದುದೆಂದು ಭಾವಿಸುವುದು ವಾಡಿಕೆಯಾಗಿದೆ. ಆದರೆ ಇದಕ್ಕೆ ಉತ್ತರ ಕೊಡಬಲ್ಲ ಸಾಕ್ಷ್ಯವು ನಮ್ಮ ನಾಡಿನ ಇತಿಹಾಸದಲ್ಲಿಯೇ ಸಾಕಷ್ಟಿದೆ. ೧೯೧೧ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸ್ಥಾಪಿತವಾದ ಎಕನಾಮಿಕ್ ಕಾನ್ಫರೆನ್ಸು, ಕನ್ನಡದಲ್ಲಿ ಸಂಪದಭ್ಯುದಯ ಸಮಾಜವೆಂದು ಹೆಸರಾದ ಸಭೆಯು, ಒಂದು ಸರ್ಕಾರವು ತನ್ನ ಕೆಲಸದ ರೀತಿಯನ್ನೇ ಬದಲಿಸಿಕೊಂಡು ಹೊಸತನಕ್ಕೆ ಎಡೆಮಾಡಿಕೊಡಲು ನಡೆಸಿದ ಪ್ರಯತ್ನವಾಗಿತ್ತು. ಆ ಪ್ರಯತ್ನದ ಗುಣದೋಷಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂತಹ ಪರಿಶೀಲನೆ ಅಗತ್ಯವೆಂದು ನಮಗೆ ತೋರಿದುದು ತರಗತಿಯಲ್ಲಿ. ಆಧುನಿಕ ಮೈಸೂರಿನ ಅಭಿವೃದ್ಧಿಯನ್ನು ಕುರಿತ ಪ್ರಶ್ನೆಗೆ ವಿದ್ಯಾರ್ಥಿಗಳು ಬರೆಯುವ ಉತ್ತರಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತಿರುತ್ತವೆ. ವಿಶ್ವೇಶ್ವರಯ್ಯನವರು ಬ್ಯಾಂಕನ್ನು ಸ್ಥಾಪಿಸಿದರು, ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು, ಸಾಬೂನಿನ ಕಾರ್ಖಾನೆಯನ್ನು ಸ್ಥಾಪಿಸಿದರು, ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿದರು. ಕರ್ತೃಪದ ಒಂದೇ, ಕ್ರಿಯಾಪದವೂ ಒಂದೇ. ಕರ್ಮಪದ ಮಾತ್ರ ಬದಲಾಗುತ್ತದೆ. ಇದರಲ್ಲಿ ವಿದ್ಯಾರ್ಥಿಗಳ ತಪ್ಪೇನೂ ಇಲ್ಲ. ನಾವು ಕಲಿಸಿದುದನ್ನೇ ಅವರು ನಮಗೆ ಹಿಂದಿರುಗಿಸುತ್ತಿದ್ದಾರೆ. ಆ ಮಹನೀಯರ ಶಕ್ತಿ, ಶ್ರದ್ಧೆ, ನಿಸ್ಪೃಹತೆಗಳನ್ನು ಕಡಿಮೆಮಾಡಿ ಹೇಳುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಈ ಬಗೆಯ ಇತಿಹಾಸದಿಂದ ಓದುಗನು ಕಲಿಯುವ ಪಾಠವೇನು? ಮತ್ತೊಬ್ಬ ಮಹಾಪುರುಷನು ಬರುವವರೆಗೆ ಕೈಕಟ್ಟಿ ಕುಳಿತಿರಬೇಕೆಂಬುದಲ್ಲದೆ ಬೇರೇನೂ ಅಲ್ಲ.

ಮೊದಲು ಪೂರ್ವಸ್ಥಿತಿಯನ್ನು ನೋಡೋಣ. ೧೮೩೧ರಿಂದ ೧೮೮೧ರವರೆಗೆ ಐವತ್ತು ವರ್ಷಕಾಲ ಸಂಸ್ಥಾನವು ಬ್ರಿಟಿಷರ ಆಡಳಿತದಲ್ಲಿದ್ದಿತು. ಆ ಅವಧಿಯಲ್ಲಿ ಬೇರೂರಿದ ಕಚೇರಿಯ ಪದ್ಧತಿಯು ಕಂದಾಯ ವಸೂಲಿಗೂ ಶಾಂತಿರಕ್ಷಣೆಗೂ ತಕ್ಕುದಾಗಿತ್ತು. ಕೇಳಿದುದಕ್ಕೆ ಉತ್ತರ ಬರೆಯುವುದು ಕೆಳಗಿನವನ ಧರ್ಮ, ಅಪ್ಪಣೆ ಕೊಡುವುದು ಮೇಲಿನವನ ಧರ್ಮ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಏರ್ಪಟ್ಟ ಪ್ರಜಾಪ್ರತಿನಿಧಿ ಸಭೆಯು ಈ ಕ್ರಮದಲ್ಲಿ ಒಂದು ಕಿಟಕಿಯನ್ನು ತೆರೆಯಿತು. ಆದರೆ ಅದು ಅಹವಾಲುಗಳನ್ನು ಮುಂದಿಡುವ ಸ್ಥಾನ. ಪ್ರಯೋಗಗಳನ್ನು ನಡೆಸುವ ಸ್ಥಾನವಲ್ಲ.

ಹಾಗೆಂದು ೧೯೧೧ಕ್ಕೆ ಮೊದಲು ಹೊಸತನವೇ ಇರಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ, ಸುಮಾರು ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. ಅಂದಿನ ಲೋಕದಲ್ಲಿ ಅದೊಂದು ಸಾಹಸವೇ ಸರಿ. ಜಾಲಿ ಡಿ ಲಾಟ್‌ಬಿನಿಯೇರ್ ಎಂಬ ಇಂಜಿನಿಯರು ಆ ಯೋಜನೆಯನ್ನು ರೂಪಿಸಿದರು. ದಿವಾನ್ ಶೇಷಾದ್ರಿ ಅಯ್ಯರವರು ಅದಕ್ಕೆ ಬೆಂಬಲವಾಗಿ ನಿಂತರು. ಸಮಸ್ಯೆಯನ್ನು ಕಣ್ಣಾರೆ ಕಂಡವನೊಬ್ಬ, ಅವನಿಗೆ ಪ್ರಯತ್ನಿಸಿ ನೋಡುವ ಅನುಮತಿ ಕೊಟ್ಟವನೊಬ್ಬ: ಈ ಇಬ್ಬರು ಕೂಡಿದುದರಿಂದ ಕಾರ್ಯ ಕೈಗೂಡಿತು. ಆದರೆ ಇಂತಹ ಕೂಟವು ಆಕಸ್ಮಿಕವಾಗಿ ಒದಗಿದುದು. ಅದನ್ನು ನಿತ್ಯದ ವ್ಯವಸ್ಥೆಯನ್ನಾಗಿ ಮಾಡಲು ಸಾಧ್ಯವೆ ಎಂಬುದೇ ಸಂಪದಭ್ಯುದಯ ಸಮಾಜದ ಹಿಂದಿದ್ದ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ.

ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಸೇವೆಯಿಂದ ನಿವೃತ್ತರಾಗಿ, ೧೯೦೯ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದರು. ೧೮೯೮ರಲ್ಲಿಯೇ ಅವರು ಜಪಾನ್ ದೇಶವನ್ನು ನೋಡಿಬಂದಿದ್ದರು. ಅವರ ಸಲಹೆಯಂತೆ ೧೯೧೧ರ ಜೂನ್ ತಿಂಗಳಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಸಮಾಜವನ್ನು ಉದ್ಘಾಟಿಸಿದರು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ವಿಷಯಗಳಿಗೆ ಮೂರು ಸಮಿತಿಗಳು ಏರ್ಪಟ್ಟವು. ಜಿಲ್ಲೆಗಳಲ್ಲಿಯೂ ಸಮಿತಿಗಳಾದುವು. ಸರ್ಕಾರದ ಅಧಿಕಾರಿಗಳೂ ಸರ್ಕಾರಕ್ಕೆ ಸೇರದ ವರ್ತಕರು, ಜಮೀನುದಾರರು, ವಿದ್ಯಾವಂತರೂ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಕಾಗದವನ್ನು ಚರ್ಚಿಸಬೇಕಾಯಿತು. ಇಲಾಖೆಗಳ ನಡುವಣ ಗೋಡೆಗಳನ್ನು ಕೆಡವದೆ, ಅವುಗಳಲ್ಲಿ ಬಾಗಿಲುಗಳನ್ನು ಕೊರೆದಂತಾಯಿತು. ಈ ಮಾರ್ಪಾಡಿನ ತಿರುಳು ಇಷ್ಟೇ. ಆದರೆ ಇದು ಸಣ್ಣದಲ್ಲ.

ಫಲಗಳು ಬೇಗನೆ ಕಾಣಿಸಿಕೊಂಡುವು. ೧೯೧೩ರಲ್ಲಿ ಮೈಸೂರು ಬ್ಯಾಂಕೂ, ೧೯೧೬ರಲ್ಲಿ ವಾಣಿಜ್ಯ ಮಂಡಲಿಯೂ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಇವುಗಳಿಗಿಂತ ನಮಗೆ ಹೆಚ್ಚು ಅರ್ಥವತ್ತಾಗಿ ತೋರುವುದು ೧೯೧೫ರಲ್ಲಿ ಬೆಂಗಳೂರಿನಲ್ಲಿ ಜನ್ಮತಾಳಿದ ಕನ್ನಡ ಸಾಹಿತ್ಯ ಪರಿಷತ್ತು. ಹಣಕಾಸಿನ ಅಭ್ಯುದಯಕ್ಕಾಗಿ ಕಟ್ಟಿದ ಸಭೆಯೊಂದರ ವಿದ್ಯಾಭ್ಯಾಸದ ಚರ್ಚೆಗಳಿಂದ ಒಂದು ಸಾಹಿತ್ಯಸಂಸ್ಥೆ ಹೊರಹೊಮ್ಮಿತು. ನಾಡಿನ ಭಾಷೆಯಲ್ಲಿ ಜ್ಞಾನವು ಹರಡದೆ ನಾಡಿನ ಸಂಪತ್ತು ಬೆಳೆಯದೆಂಬ ಅರಿವು ಅದರ ಹಿಂದೆ ಇದ್ದಿತು. ಕಾರ್ಯಸೂಚಿಯಲ್ಲಿಲ್ಲದ ವಿಷಯವೂ ಸಭೆಯಲ್ಲಿ ಎಡೆ ಪಡೆಯಬಲ್ಲದೆಂಬುದೇ ಆ ಸಭೆಯ ಜೀವಂತಿಕೆಗೆ ಗುರುತು. ನಿರೀಕ್ಷಿಸಿದ ಫಲವನ್ನು ಮಾತ್ರ ಕೊಡುವ ಸಂಸ್ಥೆಯು ದಕ್ಷವಾಗಿರಬಹುದು. ನಿರೀಕ್ಷಿಸದ ಫಲವನ್ನೂ ಕೊಡುವ ಸಂಸ್ಥೆಯೇ ಸೃಷ್ಟಿಶೀಲವಾದುದು.

ಆದರೆ ಸಭೆಯಲ್ಲಿ ನಿರ್ಣಯವನ್ನು ಅಂಗೀಕರಿಸುವುದು ಬೇರೆ, ತೋಟದಲ್ಲಿಯೋ ಕಾರ್ಖಾನೆಯಲ್ಲಿಯೋ ಹೊಸ ಕೆಲಸ ನಡೆಯುವುದು ಬೇರೆ. ಇವೆರಡರ ಸಂಬಂಧವನ್ನು ತಿಳಿಯಲು ಆ ಕಾಲದ ಮೂರು ಉದಾಹರಣೆಗಳನ್ನು ತೆಗೆದುಕೊಳ್ಳುತ್ತೇವೆ.

ಮೊದಲನೆಯದು ಅಡಕೆಯ ಕೊಳೆರೋಗ. ಮಲೆನಾಡಿನಲ್ಲಿ ಮುಂಗಾರುಮಳೆ ಹಿಡಿದೊಡನೆ ಎಳೆಯ ಅಡಕೆಯ ಕಾಯಿಗಳು ಕೊಳೆತು ಉದುರುವ ಈ ರೋಗವು ತೋಟಗಾರನ ವರ್ಷದ ಅನ್ನವನ್ನೇ ಕಸಿಯುತ್ತಿತ್ತು. ಮಳೆಗೆ ಮುನ್ನ ಗೊನೆಗಳಿಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಕಾಪಾಡುವುದು ಪೂರ್ವಿಕರಿಂದ ಬಂದ ಉಪಾಯ. ೧೯೦೮ರಲ್ಲಿ ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗಕ್ಕೆ ಒಂದು ಬಗೆಯ ಶಿಲೀಂಧ್ರವು ಕಾರಣವೆಂದು ನಿರೂಪಿಸಿ, ೧೯೧೦ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿ ಮಾಡಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವು ಕ್ರಮೇಣ ಬಳಕೆಗೆ ಬಂದಿತು. ಇಂದಿಗೂ ಮಲೆನಾಡಿನ ತೋಟಗಳಲ್ಲಿ ಮಳೆಗಾಲದ ಮುನ್ನ ಈ ಔಷಧಿಯನ್ನು ಹೊಡೆಯುತ್ತಾರೆ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಕೊಟ್ಟೆ ಕಟ್ಟುವ ರೂಢಿಯಲ್ಲಿಯೇ ಒಂದು ಸರಿಯಾದ ವೀಕ್ಷಣೆ ಅಡಗಿದ್ದಿತು: ಗೊನೆಯು ಒದ್ದೆಯಾದರೆ ಕೊಳೆಯುತ್ತದೆ. ಹೊಸ ವಿಜ್ಞಾನವು ಈ ತಿಳಿವಳಿಕೆಯನ್ನು ಅಲ್ಲಗಳೆಯಲಿಲ್ಲ; ಅದರ ಕಾರಣವನ್ನು ಹೇಳಿ, ಬೇರೊಂದು ಸಾಧನವನ್ನು ಕೊಟ್ಟಿತು. ಔಷಧಿಯ ಬೆರಕೆಯನ್ನು ತೋಟಗಾರನೇ ಮನೆಯಲ್ಲಿ ಮಾಡಿಕೊಳ್ಳಬಹುದಾಗಿತ್ತು, ಮರವೇರುವ ಕೊನೆಗಾರನ ಕೈಚಳಕವೂ ವ್ಯರ್ಥವಾಗಲಿಲ್ಲ. ಎರಡನೆಯದಾಗಿ, ಈ ಸಂಶೋಧನೆಯು ಸಂಪದಭ್ಯುದಯ ಸಮಾಜಕ್ಕಿಂತ ಹಿಂದಿನದು. ೧೮೯೯ರಲ್ಲಿ ಹೆಬ್ಬಾಳದಲ್ಲಿ ಪ್ರಯೋಗಕ್ಷೇತ್ರ ಏರ್ಪಟ್ಟಂದಿನಿಂದ ವ್ಯವಸಾಯದ ಇಲಾಖೆಯಲ್ಲಿ ಪರೀಕ್ಷೆ ಮಾಡಿ ನೋಡುವುದೇ ಕರ್ತವ್ಯವಾಗಿದ್ದ ಕೆಲವರು ಇದ್ದರು. ಸಮಾಜದಂತಹ ಸಭೆಯು ಇಂತಹ ತಿಳಿವಳಿಕೆಯನ್ನು ಹರಡಬಲ್ಲದು, ಹುಟ್ಟಿಸಲಾರದು. ಹುಟ್ಟಿಸಲು ವರ್ಷಾನುಗಟ್ಟಲೆ ಒಂದೇ ಸಮಸ್ಯೆಯ ಬಳಿ ಕುಳಿತಿರಬಲ್ಲವರು ಬೇಕು. ಕೋಲ್ಮನ್ನರು ನಡುವೆ ಕೆಲವು ವರ್ಷ ಹೊರಗಿದ್ದರೂ ೧೯೩೪ರವರೆಗೆ ಮೈಸೂರಿನ ಸೇವೆಯಲ್ಲಿದ್ದರೆಂಬುದನ್ನು ಮರೆಯಲಾಗದು.

ಎರಡನೆಯದು ಶ್ರೀಗಂಧದೆಣ್ಣೆ. ೧೯೧೪ರವರೆಗೆ ಸಂಸ್ಥಾನದ ಗಂಧದ ಮರವು ಹರಾಜಿನಲ್ಲಿ ಮಾರಾಟವಾಗಿ ಬಹುಪಾಲು ಜರ್ಮನಿಯಂತಹ ಹೊರದೇಶಗಳಿಗೆ ಸಾಗಿ, ಎಣ್ಣೆಯು ಅಲ್ಲಿ ತಯಾರಾಗುತ್ತಿತ್ತು. ಮಹಾಯುದ್ಧದ ಆರಂಭದಿಂದ ಆ ಮಾರುಕಟ್ಟೆ ಮುಚ್ಚಿಹೋಯಿತು. ಕೊರಡುಗಳು ಉಗ್ರಾಣಗಳಲ್ಲಿ ಉಳಿದುವು. ಆಗ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಪ್ರಯೋಗಶಾಲೆಯಲ್ಲಿ ಎಣ್ಣೆಯನ್ನು ಬಟ್ಟಿಯಿಳಿಸಿ ತೋರಿಸಿದರು. ಕೈಗಾರಿಕೆಯ ಇಲಾಖೆಯ ಮುಖ್ಯಸ್ಥರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ನರು ಅದನ್ನು ಕೈಗೆತ್ತಿಕೊಂಡರು. ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ೧೯೧೭ರಲ್ಲಿ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ಕೆಲಸವನ್ನಾರಂಭಿಸಿದುವು. ಅದರ ಬೆನ್ನಿಗೆ ಸಾಬೂನಿನ ಕಾರ್ಖಾನೆಯೂ ಬಂದಿತು. ಅದರ ಕುಶಲಕಾರ್ಯಕ್ಕಾಗಿ ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿ ತರಬೇತು ಕೊಡಿಸಲಾಯಿತು.

ಸಂಕಟವು ಅವಕಾಶವಾಗಿ ಪರಿಣಮಿಸಿದುದಕ್ಕೆ ಇದನ್ನು ಮಾದರಿಯಾಗಿ ಹೇಳುವುದುಂಟು. ನಾವೂ ಒಪ್ಪುತ್ತೇವೆ. ಆದರೆ ಸಂಕಟವೊಂದೇ ಇದನ್ನು ಮಾಡಲಿಲ್ಲ. ಯುದ್ಧದ ಸಂಕಟವು ಭರತಖಂಡದ ಅನೇಕ ಕಚ್ಚಾಸರಕುಗಳಿಗೆ ಒದಗಿತು. ಎಲ್ಲ ಕಡೆಯೂ ಕಾರ್ಖಾನೆ ಹುಟ್ಟಲಿಲ್ಲ. ಇಲ್ಲಿ ಪ್ರಯೋಗಶಾಲೆಯೂ ಇಲಾಖೆಯೂ ಸರಕೂ ಪರಸ್ಪರ ಕೈಗೆಟುಕುವ ದೂರದಲ್ಲಿದ್ದುವು. ಒಂದರ ಅಧಿಕಾರಿ ಮತ್ತೊಂದರ ಬಾಗಿಲನ್ನು ತಟ್ಟಲು ಸಂಕೋಚಪಡಬೇಕಾದ ಪರಿಸ್ಥಿತಿ ಇರಲಿಲ್ಲ.

ಇದರ ಇನ್ನೊಂದು ಮುಖವನ್ನು ಮಾತ್ರ ನಮ್ಮ ಪಠ್ಯಗಳು ಹೇಳುವುದಿಲ್ಲ. ಗಂಧದ ಮರವು ಎಲ್ಲಿ ಬೆಳೆದರೂ, ರೈತನ ಸ್ವಂತ ಹೊಲದ ಬದುವಿನಲ್ಲಿ ಬೆಳೆದರೂ, ಸರ್ಕಾರದ ಸ್ವತ್ತೆಂಬುದು ಹಳೆಯ ಕಟ್ಟಳೆ. ಎಣ್ಣೆಯನ್ನು ತೆಗೆಯುವ ಕ್ರಮವನ್ನು ಧೈರ್ಯವಾಗಿ ಬದಲಿಸಿದ ಆಡಳಿತವು ಮರವನ್ನು ಬೆಳೆಸುವ ಕಟ್ಟಳೆಯನ್ನು ಮುಟ್ಟಲಿಲ್ಲ. ಹೊಲದಲ್ಲಿ ತಾನಾಗಿ ಮೊಳೆತ ಗಂಧದ ಸಸಿಯು ರೈತನಿಗೆ ಸಂಪತ್ತಾಗಿ ಕಾಣದೆ ಪೀಡೆಯಾಗಿ ಕಂಡಿತು. ಅದನ್ನು ಕಾಯುವ ಹೊಣೆ ಅವನದು, ಫಲದ ಬಹುಭಾಗ ಪರರದು. ಕರ್ನಾಟಕದಲ್ಲಿ ಈ ಕಟ್ಟಳೆಯು ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಮರದ ಒಡೆಯನೆಂದಾದುದು ೨೦೦೧ರ ಕಾನೂನಿನಿಂದ. ಕಾರ್ಖಾನೆಯ ಹೊಸತನಕ್ಕೂ ಹೊಲದ ಹೊಸತನಕ್ಕೂ ನಡುವೆ ಎಂಬತ್ತೈದು ವರ್ಷಗಳ ಅಂತರವಿದೆ. ಆ ಅಂತರದಲ್ಲಿ ಗಂಧದ ಕಾಡುಗಳು ಕ್ಷೀಣಿಸಿದುವು; ಗಂಧದ ನಾಡೆಂಬ ಹೆಸರಿಗೆ ತಕ್ಕಷ್ಟು ಗಂಧವು ಉಳಿಯದಾಯಿತು. ಸಂಸ್ಥೆಯೊಂದು ತನ್ನ ಕಟ್ಟಡದೊಳಗೆ ಹೊಸತನವನ್ನು ಪುರಸ್ಕರಿಸುತ್ತ, ತನಗೆ ಸರಕನ್ನು ಒದಗಿಸುವವರಿಗೆ ಅದೇ ಸ್ವಾತಂತ್ರ್ಯವನ್ನು ನಿರಾಕರಿಸಿದರೆ, ಕೊನೆಗೆ ಎರಡೂ ಸೊರಗುತ್ತವೆ.

ಮೂರನೆಯದು ಭದ್ರಾವತಿಯ ಕಬ್ಬಿಣ. ನ್ಯೂಯಾರ್ಕಿನ ತಜ್ಞರಾದ ಪೆರಿನ್ ಅವರ ಸಲಹೆಯಂತೆ, ಮಲೆನಾಡಿನ ಸೌದೆಯ ಇದ್ದಿಲಿನಿಂದ ಅದಿರನ್ನು ಕರಗಿಸುವ ಯೋಜನೆ ಸಿದ್ಧವಾಯಿತು. ಯುದ್ಧಕಾಲದ ಬೆಲೆಗಳನ್ನು ನೋಡಿ ಆರಂಭಿಸಿದ ಕಾರ್ಯವು ಮುಗಿದು, ೧೯೨೩ರ ಜನವರಿಯಲ್ಲಿ ಕಬ್ಬಿಣವು ಹರಿಯುವ ವೇಳೆಗೆ ಮಾರುಕಟ್ಟೆ ಕುಸಿದಿದ್ದಿತು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆಸಿ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಬೇಕಾಯಿತು. ೧೯೨೯ರವರೆಗೆ ಅವರು ಆ ಹೊಣೆಯನ್ನು ಹೊತ್ತು, ವಿದೇಶೀ ತಜ್ಞರ ಸ್ಥಾನಗಳಿಗೆ ಭಾರತೀಯರನ್ನು ತರಬೇತು ಮಾಡಿ ನೇಮಿಸಿ, ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಿದರು.

ಇದನ್ನು ಅವರ ವ್ಯಕ್ತಿತ್ವದ ವಿಜಯವೆಂದು ವರ್ಣಿಸುವುದು ರೂಢಿ. ನಮಗಾದರೋ ಇದರಲ್ಲಿ ವಿಜಯದೊಡನೆ ಒಂದು ಸೋಲೂ ಕಾಣುತ್ತದೆ. ಸಂಪದಭ್ಯುದಯ ಸಮಾಜವು ಹುಟ್ಟಿ ಹನ್ನೆರಡು ವರ್ಷಗಳಾದ ಮೇಲೂ, ಸಂಸ್ಥಾನದ ಅತಿ ದೊಡ್ಡ ಉದ್ಯಮವೊಂದು ಸಂಕಟಕ್ಕೆ ಸಿಕ್ಕಿದಾಗ, ಅದನ್ನು ಬಿಡಿಸಲು ಸಮಾಜವನ್ನು ಹುಟ್ಟಿಸಿದ ಅದೇ ವ್ಯಕ್ತಿಯೇ ಬೇಕಾಯಿತು. ಮಾರ್ಪಾಡು ನಿಜವಾಗಿ ಬೇರುಬಿಟ್ಟಿದ್ದರೆ ಹೀಗಾಗಬೇಕಾಗಿರಲಿಲ್ಲ. ಆದರೆ ಅವರು ಅಲ್ಲಿ ಮಾಡಿದ ಕೆಲಸದಲ್ಲಿಯೇ ಆ ಸೋಲಿಗೆ ಪರಿಹಾರವಿದ್ದಿತು. ಕುಲುಮೆಯ ಬಳಿ ನಿಂತವರನ್ನೇ ಕುಲುಮೆಯ ಒಡೆಯರನ್ನಾಗಿ ಮಾಡುವುದು, ಅಧ್ಯಕ್ಷನು ಹೋದರೂ ನಿಲ್ಲುವ ಮಾರ್ಪಾಡು.

ಇನ್ನು ಅತ್ಯಂತ ಸೂಕ್ಷ್ಮವಾದ ಪ್ರಶ್ನೆಗೆ ಬರುತ್ತೇವೆ. ಹೊಸ ಆಲೋಚನೆಗಳಿಗಾಗಿ ಸಭೆಯನ್ನು ತೆರೆದಾಗ, ಆ ಸಭೆಯೊಳಗೆ ಯಾರಿದ್ದರು? ಇಂಗ್ಲಿಷ್ ವಿದ್ಯೆಯನ್ನೂ ಸರ್ಕಾರದ ಹುದ್ದೆಗಳನ್ನೂ ಮೊದಲೇ ಪಡೆದಿದ್ದ ಸಮುದಾಯದವರೇ ಅಲ್ಲಿಯೂ ಪ್ರಬಲರಾಗಿದ್ದುದು ಅಂದಿನ ಸ್ಥಿತಿಯಲ್ಲಿ ಅನಿವಾರ್ಯವಾಗಿದ್ದಿತು. ೧೯೧೭ರಲ್ಲಿ ಪ್ರಜಾಮಿತ್ರ ಮಂಡಲಿಯು ಹುಟ್ಟಿ ಇತರ ಸಮುದಾಯಗಳ ಅಹವಾಲನ್ನು ಮುಂದಿಟ್ಟಿತು. ೧೯೧೮ರಲ್ಲಿ ಮಹಾರಾಜರವರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಆ ಸಮಿತಿಯು ಶಿಫಾರಸು ಮಾಡಿತು. ೧೯೨೧ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು. ಈ ನೀತಿಯಿಂದ ಆಡಳಿತದ ದಕ್ಷತೆಗೆ ಕುಂದುಂಟಾಗುವುದೆಂದು ವಿಶ್ವೇಶ್ವರಯ್ಯನವರು ಭಾವಿಸಿದರು. ೧೯೧೮ರ ಕೊನೆಯಲ್ಲಿ ದಿವಾನಗಿರಿಯಿಂದ ನಿರ್ಗಮಿಸಿದರು.

ಅವರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಅವರ ತರ್ಕವನ್ನು ಮಾತ್ರ ಒಪ್ಪಲಾರೆವು. ಪರೀಕ್ಷೆಯಲ್ಲಿ ಪಡೆದ ಅಂಕಗಳಿಂದಳೆಯುವ ಅರ್ಹತೆಯು ಈಗಾಗಲೇ ಗೊತ್ತಿರುವ ಕೆಲಸವನ್ನು ಚೆನ್ನಾಗಿ ಮಾಡಬಲ್ಲವನನ್ನು ಆರಿಸಿಕೊಡಬಹುದು. ಇನ್ನೂ ಗೊತ್ತಿಲ್ಲದ ಸಮಸ್ಯೆಯನ್ನು ಗುರುತಿಸಬಲ್ಲವನನ್ನು ಅದು ಆರಿಸಿಕೊಡುವುದೆಂಬುದಕ್ಕೆ ಆಧಾರವಿಲ್ಲ. ಅಡಕೆಯ ಗೊನೆಗೆ ಕೊಟ್ಟೆ ಕಟ್ಟುವವನಿಗೂ ಗಂಧದ ಸಸಿಯನ್ನು ಕಂಡು ಅಂಜುವವನಿಗೂ ತಿಳಿದಿದ್ದ ಸಂಗತಿಗಳು ಕಚೇರಿಗೆ ತಿಳಿದಿರಲಿಲ್ಲ. ಅವರ ಮಕ್ಕಳು ಕಚೇರಿಯೊಳಗೆ ಬಂದಿದ್ದರೆ ಗಂಧದ ಕಟ್ಟಳೆಯನ್ನು ಕುರಿತು ಯಾರಾದರೊಬ್ಬರು ಮುಂಚೆಯೇ ಬಾಯಿಬಿಡುತ್ತಿದ್ದರೋ ಏನೋ. ಇದು ಊಹೆಯೆಂಬುದನ್ನು ಒಪ್ಪುತ್ತೇವೆ. ಆದರೆ ಪ್ರಾತಿನಿಧ್ಯವು ನ್ಯಾಯದ ಪ್ರಶ್ನೆ ಮಾತ್ರವೆಂದೂ ದಕ್ಷತೆಗೆ ಅದು ವಿರೋಧಿಯೆಂದೂ ಹೇಳುವವರು, ಹೊಸತನದ ದೃಷ್ಟಿಯಿಂದ ಈ ಸಾಕ್ಷ್ಯಕ್ಕೆ ಉತ್ತರ ಕೊಡಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪವನ್ನು ಎತ್ತಬಹುದು. ವಿಶ್ವೇಶ್ವರಯ್ಯನವರು ಇಲ್ಲದಿದ್ದರೆ ಸಮಾಜವೂ ಇರುತ್ತಿರಲಿಲ್ಲ, ಸಮಿತಿಗಳೂ ಇರುತ್ತಿರಲಿಲ್ಲ. ಆದುದರಿಂದ ವ್ಯಕ್ತಿಯೇ ಪ್ರಧಾನನಲ್ಲವೆ? ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಜಡವಾದ ಪದ್ಧತಿಯನ್ನು ಅಲುಗಾಡಿಸಲು ಒಬ್ಬನ ಹಟ ಬೇಕು, ಅವನ ಹಿಂದೆ ನಿಲ್ಲುವ ಪ್ರಭುವೂ ಬೇಕು. ಇಲ್ಲಿ ಎರಡೂ ದೊರೆತುವು. ಆದರೆ ಅಲುಗಾಡಿಸುವುದು ಆರಂಭವೇ ಹೊರತು ಕಾರ್ಯವಲ್ಲ. ಆ ಬಳಿಕ ಪ್ರಯತ್ನಿಸಿ ನೋಡುವ ಸ್ವಾತಂತ್ರ್ಯವು ಮೇಲಿನವನ ಅನುಗ್ರಹವಾಗಿ ಉಳಿಯುತ್ತದೆಯೋ, ಕೆಳಗಿನವನ ಹಕ್ಕಾಗಿ ಬೆಳೆಯುತ್ತದೆಯೋ ಎಂಬುದರಿಂದ ಮಾರ್ಪಾಡಿನ ಬಾಳಿಕೆ ನಿರ್ಧಾರವಾಗುತ್ತದೆ. ಸಂಪದಭ್ಯುದಯ ಸಮಾಜದಲ್ಲಿ ಅದು ಬಹುಮಟ್ಟಿಗೆ ಅನುಗ್ರಹವಾಗಿಯೇ ಉಳಿಯಿತು. ಅನುಗ್ರಹಿಸುವವರು ಹೊರಟುಹೋದಾಗ ಸಭೆಯ ಕಳೆಯೂ ಕುಂದಿತು. ಇದಕ್ಕೆ ವ್ಯತಿರಿಕ್ತವಾಗಿ, ಪರೀಕ್ಷಿಸಿ ನೋಡುವುದೇ ಕರ್ತವ್ಯವಾಗಿದ್ದ ಹೆಬ್ಬಾಳದ ಪ್ರಯೋಗಕ್ಷೇತ್ರವೂ, ತನ್ನ ಸದಸ್ಯರಿಗೇ ಸೇರಿದ ಸಾಹಿತ್ಯ ಪರಿಷತ್ತೂ ದಿವಾನರುಗಳು ಬದಲಾದರೂ ಬಾಳಿದುವು. ಪರಿಷತ್ತು ಒಂದು ಶತಮಾನವನ್ನು ದಾಟಿ ಇಂದಿಗೂ ಉಳಿದಿದೆ.

ಹೀಗೆ ನೋಡಿದರೆ ಸಮಾಜದ ಇತಿಹಾಸದಿಂದ ದೊರೆಯುವ ತೀರ್ಮಾನವು ಸ್ಪಷ್ಟವಾಗಿದೆ. ಸಮಸ್ಯೆಯ ಬಳಿಯಲ್ಲಿರುವವನಿಗೆ ಪರೀಕ್ಷಿಸಿ ನೋಡುವ ಹಕ್ಕೂ, ಒಮ್ಮೆ ತಪ್ಪಿದರೆ ದಂಡನೆಗೆ ಗುರಿಯಾಗದ ಭರವಸೆಯೂ, ನೆರೆಯ ಇಲಾಖೆಯ ಬಾಗಿಲನ್ನು ತಟ್ಟುವ ಸ್ವಾತಂತ್ರ್ಯವೂ ಇದ್ದ ಕಡೆ ಹೊಸತು ಹುಟ್ಟಿತು. ಆ ಹಕ್ಕು ನಿಯಮವಾಗಿ ನೆಲೆಗೊಂಡ ಕಡೆ ಮಾತ್ರ ಅದು ಬಾಳಿತು.

ಈ ತೀರ್ಮಾನವು ದಿವಾನರುಗಳ ಕಾಲಕ್ಕೆ ಮಾತ್ರ ಅನ್ವಯಿಸುವಂಥದಲ್ಲ. ನಮ್ಮ ಕಾಲೇಜುಗಳಲ್ಲಿಯೂ ವಿಭಾಗಗಳಲ್ಲಿಯೂ ಹೊಸತನವನ್ನು ಪ್ರೋತ್ಸಾಹಿಸಬೇಕೆಂಬ ನಿರ್ಣಯಗಳು ಕಡಿಮೆಯಿಲ್ಲ. ಅವುಗಳನ್ನು ಓದಿದಾಗ, ಪಠ್ಯಕ್ರಮದಲ್ಲಿ ಒಂದು ಅಧ್ಯಾಯವನ್ನು ಬದಲಿಸಿ ಕಲಿಸಿ ನೋಡುವ ಹಕ್ಕು ತರಗತಿಯಲ್ಲಿ ನಿಂತ ಅಧ್ಯಾಪಕನಿಗಿದೆಯೆ, ಪಠ್ಯದಲ್ಲಿಲ್ಲದ ಪ್ರಶ್ನೆಯನ್ನು ಕೇಳಿದ ವಿದ್ಯಾರ್ಥಿಗೆ ಅಂಕ ದೊರೆಯುವುದೆ, ಎಂದು ವಿಚಾರಿಸುವುದು ಒಳ್ಳೆಯದು. ನಮ್ಮ ಮಟ್ಟಿಗೆ, ಮುಂದಿನ ವರ್ಷ ಈ ಅಧ್ಯಾಯವನ್ನು ಪಾಠ ಹೇಳುವಾಗ ಯಾರು ಏನನ್ನು ಸ್ಥಾಪಿಸಿದರೆಂದು ಕೇಳುವುದನ್ನು ಬಿಟ್ಟು, ಸ್ಥಾಪಿತವಾದುದು ಹೇಗೆ ನಡೆಯಿತು, ಯಾರ ಕೈಯಲ್ಲಿ ನಡೆಯಿತು, ಏಕೆ ನಿಂತಿತು ಅಥವಾ ಏಕೆ ನಿಲ್ಲಲಿಲ್ಲವೆಂದು ಕೇಳಲು ನಿಶ್ಚಯಿಸಿದ್ದೇವೆ. ಉತ್ತರಗಳು ಒಂದೇ ಅಚ್ಚಿನಲ್ಲಿರಲಾರವು. ತಿದ್ದುವುದು ನಮಗೆ ಕಷ್ಟವಾದೀತು. ಆ ಕಷ್ಟವನ್ನು ಹೊರಲು ಸಿದ್ಧರಿಲ್ಲದೆ ಹೊಸತನವನ್ನು ಬೋಧಿಸಲು ನಮಗೆ ಅಧಿಕಾರವಿಲ್ಲ.